ಕಟಕ ರೊಟ್ಟಿಯ ಕೊನೆಯ ದಾರಿ

ದೊಡ್ಡ ಕರುಳು ಸುಮಾರು 1.5 ಮೀಟರ್ ಉದ್ದದ ಕೊಳವೆ. ಸಣ್ಣ ಕರುಳು ಇದರ ನಾಲ್ಕು ಪಟ್ಟು ಉದ್ದವಿದ್ದರೂ ಸಪೂರ. ಹೊಟ್ಟೆಯ ನಡುವೆ ಸುರುಳಿ ಸುತ್ತಿ ಬಿದ್ದಿರುತ್ತದೆ. ದೊಡ್ಡದು ಬಲಗಡೆ ಮೇಲೇರಿ, ಜಠರದ ಕೆಳಗೆ ಅಡ್ಡ ಹಾಯ್ದು, ಎಡಗಡೆ ಇಳಿದು, ಡೊಂಕಾಗಿ ತಿರುಗಿ ಗುದನಾಳ ಸೇರುತ್ತದೆ.

ಎರಡು ಕರುಳುಗಳ ಗಡಿ ಹೊಟ್ಟೆಯ ಬಲಗಡೆ ಕೆಳಗಿದೆ. ಅಲ್ಲಿಯ ಕವಾಟ ಸರಕನ್ನು ಮುಂದೆ ಬಿಡುತ್ತದೆ, ಹಿಂದೆ ಬಿಡುವುದಿಲ್ಲ. ಸೋಲಾಪುರ, ಅಕ್ಕಲಕೋಟೆ ಕಡೆಯ ಕರ್ನಾಟಕ-ಮಹಾರಾಷ್ಟ್ರ ಗಡಿಯಂತೆ ಇದಕ್ಕೆ 1967ರ ಮಹಾಜನ ಆಯೋಗದ ವರದಿ ಬೇಕಾಗಲಿಲ್ಲ, ತಂಟೆಯೂ ಇಲ್ಲ. ಪಕ್ಕದಲ್ಲೇ ಅಪೆಂಡಿಕ್ಸ್ ಜೋತುಬಿದ್ದಿದೆ. ನೋವು ಬರುವವರೆಗೆ ಅದರ ವಿಳಾಸ ಯಾರಿಗೂ ಬೇಡ.

ದೊಡ್ಡ ಕರುಳಿನ ಮುಖ್ಯ ಕೆಲಸ ನೀರುಳಿತಾಯ. ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ದ್ರವ ಒಳಬರುತ್ತದೆ. ಹೊರಬೀಳುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದದ್ದು ಲವಣಗಳ ಜತೆ ರಕ್ತಕ್ಕೆ ವಾಪಸು. ಸೋಲಾಪುರದ ಬೇಸಿಗೆ 40 ಡಿಗ್ರಿ ದಾಟಿ ಮೈ ಬೆವರಿ ಬತ್ತಿದಾಗ ಕರುಳು ಇನ್ನಷ್ಟು ಹೀರುತ್ತದೆ. ಆಗ ಬೆಳಗಿನ ಸಂಡಾಸ ದೀರ್ಘ ತಪಸ್ಸಾಗುತ್ತದೆ.

ಈ ಕರುಳಿನ ನಿಜವಾದ ನಿವಾಸಿಗಳು ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು. ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ನಾರನ್ನು ಮನುಷ್ಯನ ಕಿಣ್ವಗಳು ಮುಟ್ಟಲಾರವು. ಈ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದಷ್ಟನ್ನು ಹುಳಿಯಿಸಿ ಕೊಬ್ಬಿನಾಮ್ಲ ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ. ಸ್ವಲ್ಪ ಕೆ ವಿಟಮಿನ್ ಕೂಡ ಪುಕ್ಕಟೆ. ಝುಣಕದ ಕಡಲೆಹಿಟ್ಟಿನಲ್ಲಿ ಜೀರ್ಣವಾಗದ ಸಕ್ಕರೆಗಳಿರುವುದರಿಂದ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಕೂಡ ಹುಟ್ಟುತ್ತವೆ. ಇವು ಮೂರಕ್ಕೂ ವಾಸನೆಯಿಲ್ಲ. ಮಾನ ಕಳೆಯುವುದು ಅತ್ಯಲ್ಪ ಪ್ರಮಾಣದ ಗಂಧಕದ ಅನಿಲಗಳು.

ದೊಡ್ಡ ಕರುಳು ಸೋಮಾರಿ. ಸರಕನ್ನು ಗಂಟೆಗಟ್ಟಲೆ ಅಲ್ಲಲ್ಲೇ ಹೊರಳಿಸುತ್ತ ಕೂರುತ್ತದೆ. ದಿನಕ್ಕೆ ಕೆಲವೇ ಬಾರಿ, ಅದರಲ್ಲೂ ಉಂಡ ಮೇಲೆ, ಎಲ್ಲವನ್ನೂ ಒಟ್ಟಿಗೆ ಮುಂದಕ್ಕೆ ನೂಕುತ್ತದೆ. ಜಠರ ತುಂಬಿದ ಸುದ್ದಿ ನರ, ಹಾರ್ಮೋನುಗಳ ಮೂಲಕ ಅಲ್ಲಿಗೆ ತಲುಪಿರುತ್ತದೆ. ಅಕ್ಕಲಕೋಟೆಯ ಅನ್ನಛತ್ರದಲ್ಲಿ ಸ್ವಾಮಿ ಸಮರ್ಥರ ಪ್ರಸಾದ ಹೊಟ್ಟೆತುಂಬ ಉಂಡು, ಸುಮಾರು 40 ಕಿಲೋಮೀಟರ್ ದೂರದ ಸೋಲಾಪುರಕ್ಕೆ ಬಸ್ಸು ಹತ್ತಿದ ಭಕ್ತರಿಗೆ ಈ ಶರೀರಶಾಸ್ತ್ರ ನಡುದಾರಿಯಲ್ಲಿ ಅರ್ಥವಾಗುವುದುಂಟು.

ಗುದನಾಳ ಹಿಗ್ಗಿದೊಡನೆ ಒಳಗಿನ ಸ್ನಾಯುಬಳೆ ತಾನಾಗಿ ಸಡಿಲುತ್ತದೆ. ಹೊರಗಿನದು ಮಾತ್ರ ಮನುಷ್ಯನ ಮಾತು ಕೇಳುತ್ತದೆ, ಬಸ್‌ ನಿಲ್ದಾಣ ಬರುವವರೆಗೆ ಹೇಗೋ ಕಾಯುತ್ತದೆ. ತಡೆಯುವುದೇ ರೂಢಿಯಾದರೆ ಗುದನಾಳದ ಅರಿವು ಮಂಕಾಗುತ್ತದೆ. ಮಲಬದ್ಧತೆಗೆ ಅದೂ ಒಂದು ಕಾರಣ.