ಹೇಳದೆ ಕೇಳದೆ ಆಫ್

ಪೂರ್ತಿ ಕೆಟ್ಟುಹೋದ ಯಂತ್ರದ ಬಗ್ಗೆ ನನಗೆ ಗೌರವವಿದೆ. ಗುಂಡಿ ಒತ್ತಿದರೆ ಸದ್ದಿಲ್ಲ. ರಿಪೇರಿಯವರು ಕವಚ ಬಿಚ್ಚಿದರೆ ಸುಟ್ಟ ವಾಸನೆ. ನಾವು ದುಡ್ಡು ಬಿಚ್ಚಿದರೆ ಹೊಸ ಬಿಡಿಭಾಗ. ವ್ಯವಹಾರ ಚೊಕ್ಕ. ಮನುಷ್ಯನನ್ನು ಹಣ್ಣುಗಾಯಿ ಮಾಡುವುದು ಆಗಾಗ ಕೆಡುವ ಯಂತ್ರ. ಕೆಟ್ಟಿದೆ ಎನ್ನೋಣವೆಂದರೆ ಈಗ ಸರಿಯಾಗಿಯೇ ನಡೆಯುತ್ತಿದೆ. ಸರಿಯಿದೆ ಎನ್ನೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಆಫ್.

ನಮ್ಮ ಮನೆಯ ಡೆಸ್ಕ್‌ಟಾಪು ಹೋದ ಬೇಸಿಗೆಯಲ್ಲಿ ಈ ಚಾಳಿ ಹಿಡಿಯಿತು. ಕಂಪ್ಯೂಟರಿಗೆ ಮಲಗಲು ಒಂದು ಶಿಷ್ಟಾಚಾರವಿದೆಯಷ್ಟೆ: ಕಡತ ಉಳಿಸಲೇ ಎಂದು ಕೇಳುತ್ತದೆ, ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತದೆ, ಆಮೇಲೆ ಕಣ್ಣು ಮುಚ್ಚುತ್ತದೆ. ಇದು ಹಾಗಲ್ಲ. ಟಪ್ ಅಂದರೆ ಕಪ್ಪು. ನಾನು ನುಡಿ ತಂತ್ರಾಂಶದಲ್ಲಿ ಒತ್ತಕ್ಷರ ಕೂಡಿಸಿ ಕಟ್ಟಿದ ಪುಟ ಹೋಯಿತು. ಮಹಿಳಾ ಸಂಘದ ಲೆಕ್ಕ ಬರೆಯುತ್ತಿದ್ದ ನನ್ನ ಹೆಂಡತಿಯ ಎಕ್ಸೆಲ್ ಹಾಳೆಯೂ ಹೋಯಿತು. ನನ್ನ ಪುಟ ಹೋದದ್ದಕ್ಕೆ ಮನೆಯಲ್ಲಿ ಯಾರೂ ಕಣ್ಣೀರು ಹಾಕಲಿಲ್ಲ. ಸಂಘದ ಲೆಕ್ಕ ಹೋದಾಗ ಮಾತ್ರ ತನಿಖೆ ಶುರುವಾಯಿತು.

ಪಕ್ಕದ ಮನೆಯ ರಾಯರು ಕೆಇಬಿಯಿಂದ ನಿವೃತ್ತರಾದವರು. ಅವರ ಪ್ರಕಾರ ಜಗತ್ತಿನ ಮುಕ್ಕಾಲು ಸಂಕಟಕ್ಕೆ ಅರ್ಥಿಂಗ್ ಸರಿಯಿಲ್ಲದಿರುವುದೇ ಕಾರಣ. ಟೆಸ್ಟರ್ ತಂದು ಗೋಡೆಯ ತೂತುಗಳನ್ನೆಲ್ಲ ಚುಚ್ಚಿ ನೋಡಿ, “ನಾನು ಹೇಳಲಿಲ್ಲವೇ ಸ್ವಾಮಿ?” ಎಂದರು. ಅವರು ಏನನ್ನೂ ಹೇಳಿರಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಣ್ಣನ ಮಗ ಫೋನಿನಲ್ಲೇ ತೀರ್ಪು ಕೊಟ್ಟ: “ಚಿಕ್ಕಪ್ಪ, ವಿಂಡೋಸ್ ಹೊಸದಾಗಿ ಹಾಕಿಸಿಬಿಡಿ.” ರಿಪೇರಿಯ ಹುಡುಗನ ಚೀಲದಲ್ಲಿ ಒಂದು ಬ್ಲೋವರ್, ಒಂದು ಟ್ಯೂಬು ಪೇಸ್ಟು ಮತ್ತು ಒಂದು ರಬ್ಬರು ಇದ್ದುದರಿಂದ, ರೋಗವೂ ಆ ಮೂರರಲ್ಲೇ ವಾಸಿಯಾಗುವಂಥದ್ದು ಎಂದು ತೀರ್ಮಾನವಾಯಿತು. ಅಮ್ಮ ಯಾರೊಡನೆಯೂ ಚರ್ಚಿಸಲಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ನಾವೆಲ್ಲ ಕೆಮ್ಮಿದೆವು. ಕಂಪ್ಯೂಟರು ಅಂದು ಸಂಜೆಯವರೆಗೂ ನಡೆಯಿತು.

ಬಿಸಿ ಏರಿ ಆಫ್ ಆಗುತ್ತಿದೆ ಎಂಬ ಹುಡುಗನ ವಾದದಲ್ಲಿ ತಿರುಳಿತ್ತು. ಪ್ರೊಸೆಸರು ಜೀವಭಯವುಳ್ಳ ಪ್ರಾಣಿ. ಬಿಸಿ ಏರಿದಾಗ ಮೊದಲು ತನ್ನ ವೇಗ ತಗ್ಗಿಸುತ್ತದೆ; ಅಷ್ಟಕ್ಕೂ ಇಳಿಯದೆ, ಬಹುಪಾಲು ಪ್ರೊಸೆಸರುಗಳ ಮಿತಿಯಾದ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ದಾಟಿತೆಂದರೆ ಸುಟ್ಟುಹೋಗುವುದಕ್ಕಿಂತ ಆಫ್ ಆಗುವುದೇ ಲೇಸೆಂದು ಕರೆಂಟು ಕಡಿಸಿಕೊಳ್ಳುತ್ತದೆ. ಅದರ ನೆತ್ತಿಯ ಮೇಲೆ ಲೋಹದ ಹೀಟ್‌ಸಿಂಕು, ಅದರ ಮೇಲೊಂದು ಫ್ಯಾನು. ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಲ್ಲಿ ಗಾಳಿ ಕೂತು ಶಾಖವನ್ನು ತಡೆಯಬಾರದೆಂದು ಆ ಬೂದು ಪೇಸ್ಟು. ವರ್ಷಗಳು ಕಳೆದಂತೆ ಅದು ಒಣಗುತ್ತದೆ. ಹುಡುಗ ಹಳೆಯ ಪೇಸ್ಟು ಒರೆಸಿ ಹೊಸದು ಹಚ್ಚಿದ, ಬ್ಲೋವರಿನಿಂದ ಧೂಳು ಹಾರಿಸಿ ಇಡೀ ಹಾಲಿಗೆ ಹಂಚಿದ, ರ‍್ಯಾಮ್ ಪಟ್ಟಿ ಹೊರತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ. “ಇನ್ನು ಹತ್ತು ವರ್ಷ ನೋಡಂಗಿಲ್ಲ ಸಾರ್” ಎಂದು ಹೋದ. ಅವನ ಬೈಕು ತಿರುವು ದಾಟುವ ಮೊದಲೇ ಕಂಪ್ಯೂಟರು ಆಫ್ ಆಯಿತು.

ಹಾಗಾದರೆ ಯಂತ್ರವನ್ನೇ ಕೇಳೋಣವೆಂದುಕೊಂಡೆ. ವಿಂಡೋಸಿನೊಳಗೆ ಈವೆಂಟ್ ವ್ಯೂವರ್ ಎಂಬ ದಿನಚರಿಯಿದೆ. ಅದರಲ್ಲಿ ಕೆಂಪು ಗುರುತಿನೊಂದಿಗೆ ‘ಕರ್ನಲ್ ಪವರ್ 41’ ಎಂಬ ನಮೂದು ಸಾಲುಸಾಲಾಗಿ ನಿಂತಿತ್ತು. ಅದರ ತಾತ್ಪರ್ಯ: ಕ್ರಮವಾಗಿ ಮುಚ್ಚದೆ ಈ ಯಂತ್ರ ಮತ್ತೆ ಶುರುವಾಗಿದೆ. ಇದನ್ನು ಅದು ಬರೆದುಕೊಳ್ಳುವುದು ಎದ್ದ ಮೇಲೆ! ಬಿದ್ದದ್ದು ಏಕೆ ಎಂದು ಕೇಳಿದರೆ, ಬಿದ್ದಿದ್ದೆ ಎನ್ನುತ್ತದೆ. ಅದಾದರೂ ಏನು ಮಾಡೀತು? ಬರೆಯುವ ಕೈಗೂ ಕರೆಂಟೇ ಬೇಕಲ್ಲ.

ಈ ಜಾತಿಯ ಪೂರ್ವಜರನ್ನು ನೆನೆದರೆ ನಮ್ಮದು ಸಾಧುವೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1946ರಲ್ಲಿ ಲೋಕಾರ್ಪಣೆಯಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಯಾವ ಗಳಿಗೆಯಲ್ಲಿ ಯಾವ ಕೊಳವೆ ಕೈಕೊಡುವುದೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಅದನ್ನು ನೋಡಿಕೊಳ್ಳುವವರು ಒಂದು ಸಂಗತಿ ಗಮನಿಸಿದರು: ಕೊಳವೆಗಳು ಹೆಚ್ಚಾಗಿ ಕೆಡುತ್ತಿದ್ದದ್ದು ಯಂತ್ರ ಹಚ್ಚಿ ಬಿಸಿಯಾಗುವಾಗ, ಇಲ್ಲವೇ ಆರಿಸಿ ತಣಿಯುವಾಗ. ಆದ್ದರಿಂದ ಆರಿಸುವುದನ್ನೇ ಬಿಟ್ಟರು. ಕೆಡದೆ ಅದು ಒಂದೇ ಸಮನೆ ಓಡಿದ ದಾಖಲೆ 116 ಗಂಟೆ, ಅದೂ 1954ರಲ್ಲಿ. ಅವರ ಮುಂದೆ ನನ್ನ ದುಃಖ ಯಾವ ಲೆಕ್ಕ? ಆದರೂ ಅವರ ಬಳಿ ನನಗಿಲ್ಲದ ಒಂದು ವಸ್ತುವಿತ್ತು, ತಾಳ್ಮೆಯಿಂದ ಬರೆದಿಟ್ಟ ಪಟ್ಟಿ: ಯಾವಾಗ ಕೆಟ್ಟಿತು, ಆಗ ಏನು ನಡೆಯುತ್ತಿತ್ತು.

ನಮ್ಮಲ್ಲಿ ನಡೆದದ್ದು ಅದಕ್ಕೆ ತದ್ವಿರುದ್ಧ. ಮಗುವಿಗೆ ಜ್ವರ ಬಂದಾಗ ಮಾತ್ರೆ ನುಂಗಿಸಿ, ಕಷಾಯ ಕುಡಿಸಿ, ಹಣೆಗೆ ವಿಭೂತಿ ಹಚ್ಚಿ, ಧರ್ಮಸ್ಥಳಕ್ಕೆ ಹರಕೆಯನ್ನೂ ಹೊತ್ತರೆ ಜ್ವರ ಇಳಿದದ್ದು ಯಾವುದರಿಂದ ಎಂದು ಯಾರು ಹೇಳಬಲ್ಲರು? ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿ ಕಾದು ನೋಡು ಎನ್ನುವುದು ರಿಪೇರಿಶಾಸ್ತ್ರದ ಮೊದಲ ಸೂತ್ರ. ಆದರೆ ಸಂಘದ ಲೆಕ್ಕ ಒಪ್ಪಿಸುವ ದಿನ ಹತ್ತಿರವಾದಾಗ ಕಾದು ನೋಡುವವರು ಯಾರು? ಅರ್ಥಿಂಗೂ ಆಯಿತು, ವಿಂಡೋಸೂ ಆಯಿತು. ಅಣ್ಣನ ಮಗ ಎಸ್.ಪಿ. ರೋಡಿಗೆ ಹೋಗಿ ಒಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಹೊಸದು ತಂದುಕೊಟ್ಟ. ಮುಂದಿನ ಗುಂಡಿಯೇ ಒಳಗೆ ಸಿಕ್ಕಿಕೊಳ್ಳುತ್ತಿದೆ ಎಂದು ಯಾರೋ ಅಂದರೆಂದು ಅದನ್ನೂ ಬಿಚ್ಚಿ ನೋಡಿದ್ದಾಯಿತು. ಈ ಅನುಮಾನ ತೀರ ಹುಚ್ಚೂ ಅಲ್ಲ: ಇಂದಿನ ಕಂಪ್ಯೂಟರಿನ ಗುಂಡಿ ನೇರವಾಗಿ ಕರೆಂಟು ಕಡಿಯುವುದಿಲ್ಲ, ಮದರ್‌ಬೋರ್ಡಿಗೆ ಅರ್ಜಿ ಹಾಕುತ್ತದೆ; ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ಅರ್ಜಿ ಆಜ್ಞೆಯಾಗಿ ಎಲ್ಲ ಆಫ್. ನಮ್ಮ ಗುಂಡಿ ನಿರಪರಾಧಿಯಾಗಿತ್ತು.

ಕೊನೆಗೆ ಸಿಪಿಯು ಡಬ್ಬಿಯನ್ನು ಅಂಗಡಿಗೇ ಹೊತ್ತೊಯ್ದೆವು. ಅಲ್ಲಿ ಅದು ಬೆಳಗಿನಿಂದ ರಾತ್ರಿಯವರೆಗೆ, ಮಾರನೆಯ ದಿನವೂ ತೂಕಡಿಸದೆ ಓಡಿತು. ಹುಡುಗ ನನ್ನ ಕಡೆ ನೋಡಿದ ನೋಟದಲ್ಲಿ ಅನುಕಂಪವಿತ್ತು. ಮನೆಗೆ ತಂದು ಹಚ್ಚಿದೆವು. ಅಂದು ಸಂಜೆಯೇ ಟಪ್.

ಆಗ ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ರೀ, ಫ್ರಿಜ್ಜು ಗುಂಯ್ ಅಂದಾಗಲೇ ಅದು ಆಫ್ ಆಗತ್ತೆ, ಗಮನಿಸಿದ್ದೀರಾ?” ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. “ನೀವೆಲ್ಲ ಮಾತಾಡ್ತಿದ್ರಲ್ಲ” ಎಂದಳು.

ಆಮೇಲಿನದು ಸರಳ. ಮೇಜಿನ ಕೆಳಗಿದ್ದ ಯುಪಿಎಸ್ಸಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತೆವು. ಹತ್ತು ನಿಮಿಷವಾದರೂ ಕಂಪ್ಯೂಟರನ್ನು ಹಿಡಿದು ನಿಲ್ಲಿಸಬೇಕಿದ್ದ ಅದು ಒಂದು ಕೀಚ್ ಎಂದು ಕಂಪ್ಯೂಟರಿನ ಸಮೇತ ಮಲಗಿತು. ಒಳಗಿನ ಬ್ಯಾಟರಿ ಎಂದೋ ಸತ್ತಿತ್ತು, ಹೊರಗೆ ಮಾತ್ರ ಹಸಿರು ದೀಪ ಉರಿಯುತ್ತಿತ್ತು. ಬೇಸಿಗೆಯ ಸಂಜೆ ನಮ್ಮ ಬೀದಿಯ ವೋಲ್ಟೇಜು ಮೊದಲೇ ಸೊರಗಿರುತ್ತದೆ. ಫ್ರಿಜ್ಜಿನ ಕಂಪ್ರೆಸರು ಏಳುವಾಗ ಒಂದು ಗಳಿಗೆ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ, ವೋಲ್ಟೇಜು ಕುಸಿಯುತ್ತದೆ. ಯುಪಿಎಸ್ಸು ಕರ್ತವ್ಯಪ್ರಜ್ಞೆಯಿಂದ ಲೈನು ಬಿಟ್ಟು ಬ್ಯಾಟರಿಗೆ ಜಿಗಿಯುತ್ತದೆ. ಬ್ಯಾಟರಿ ಇಲ್ಲ! ಎಸ್‌ಎಂಪಿಎಸ್ ತನ್ನೊಳಗೆ ಕೂಡಿಟ್ಟ ಶಕ್ತಿಯಿಂದ ಪೂರ್ತಿ ಹೊರೆಯನ್ನು ಹೊರುವುದು ಹೆಚ್ಚೂಕಡಿಮೆ 16 ಮಿಲಿಸೆಕೆಂಡು; ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೇ 20 ಮಿಲಿಸೆಕೆಂಡು ಬೇಕು. ಅಂಗಡಿಗೆ ಹೋದದ್ದು ಡಬ್ಬಿ ಮಾತ್ರ. ಆಫ್ ಆಗದಂತೆ ಕಾಯಲೆಂದೇ ತಂದಿದ್ದ ಯುಪಿಎಸ್ಸು ಮನೆಯಲ್ಲೇ ಉಳಿದಿತ್ತು.

ಬ್ಯಾಟರಿ ಬದಲಾಯಿತು, ರೋಗ ಹೋಯಿತು. ವಾದ ಹೋಗಲಿಲ್ಲ. ಅರ್ಥಿಂಗ್ ಸರಿಪಡಿಸದಿದ್ದರೆ ಹೊಸ ಬ್ಯಾಟರಿಯೂ ಸಾಯುತ್ತಿತ್ತು ಎನ್ನುತ್ತಾರೆ ರಾಯರು. ಪೇಸ್ಟು ಮೈಗೂಡಲು ಸಮಯ ಬೇಕು ಸಾರ್ ಎನ್ನುತ್ತಾನೆ ಹುಡುಗ. ಹೆಂಡತಿಗೆ ಫ್ರಿಜ್ಜಿನ ಸದ್ದು ಕೇಳುವಂತೆ ಮಾಡಿದ್ದೇ ದೃಷ್ಟಿ ತೆಗೆದದ್ದರ ಫಲವೆಂದು ಅಮ್ಮ ನಂಬಿದ್ದಾಳೆ. ಅದನ್ನು ಅಲ್ಲಗಳೆಯುವ ಪುರಾವೆ ನನ್ನಲ್ಲಿಲ್ಲ. ಹೀಗೆ ಎಲ್ಲರೂ ತಂತಮ್ಮ ಒಂದೇ ಅನುಭವವನ್ನು ಶಾಸ್ತ್ರವೆಂದು ಹಿಡಿದು ಕೂತಿರುವುದನ್ನು ಕಂಡು ನಾನು ಒಳಗೊಳಗೇ ನಗುತ್ತೇನೆ. ಮೊನ್ನೆ ಎದುರುಮನೆಯವರು ಬಂದು, ತಮ್ಮ ಲ್ಯಾಪ್‌ಟಾಪು ತಾನಾಗಿ ಆಫ್ ಆಗುತ್ತಿದೆ, ಏನಿರಬಹುದು ಎಂದರು.

“ಮೊದಲು ಹೇಳಿ, ನಿಮ್ಮ ಫ್ರಿಜ್ಜು ಎಲ್ಲಿದೆ?” ಎಂದೆ.