ಹುಳ ಹಿಡಿದ ಸೇಬಿನ ಲೆಕ್ಕ

ಬ್ಯಾಂಕಿನಲ್ಲಿ ಕೂಡಿ ಕಳೆದೇ ಕೂದಲು ನರೆತವನಿಗೆ ಒಂದನೇ ತರಗತಿಯ ಲೆಕ್ಕ ಯಾವ ಲೆಕ್ಕ ಎಂದು ಸೊಸೆ ಪುಟ್ಟಿಯನ್ನೂ ಅವಳ ಬಣ್ಣಬಣ್ಣದ ಪುಸ್ತಕವನ್ನೂ ನನಗೆ ಒಪ್ಪಿಸಿ ಅಡುಗೆಮನೆಗೆ ಹೋದಳು. ಮೊದಲ ಪುಟದಲ್ಲೇ ಮೂರು ಸೇಬು, ನಡುವೆ ದಪ್ಪ ಪ್ಲಸ್ಸು, ಆಚೆ ಎರಡು ಸೇಬು. ಚಿತ್ರ ಬರೆದ ಪುಣ್ಯಾತ್ಮರು ಚೆಂದಕ್ಕಿರಲಿ ಎಂದು ಒಂದು ಸೇಬಿನಿಂದ ಹಸಿರು ಹುಳವೊಂದನ್ನು ಇಣುಕಿಸಿದ್ದರು.

“ಒಟ್ಟು ಎಷ್ಟಾಯ್ತು ಪುಟ್ಟಿ?”

“ನಾಲ್ಕು.”

“ಸರಿಯಾಗಿ ಎಣಿಸಮ್ಮ.”

“ಹುಳದ್ದನ್ನ ಯಾರು ತಿಂತಾರೆ ತಾತ? ಅಂಗಡಿಗೆ ವಾಪಸ್ ಕೊಡು.”

ಕೂಡುವುದಕ್ಕೆ ಮುಂಚೆಯೇ ಕಳೆಯುವುದನ್ನು ಕಲಿತ ಮಗುವಿಗೆ ಏನು ಹೇಳುವುದು? ಪುಟ ತಿರುವಿದೆ. ಕೊಂಬೆಯ ಮೇಲೆ ನಾಲ್ಕು ಗಿಳಿ, ಇನ್ನೆರಡು ಹಾರಿ ಬರುತ್ತಿವೆ. ಪುಟ್ಟಿ ನಾಲ್ಕಕ್ಕೇ ನಿಂತಳು. ಆ ಎರಡು ಬೇರೆ ಮರಕ್ಕೆ ಹೋಗಿಬಿಟ್ಟರೆ? ಕ್ಲಿಯರ್ ಆಗದ ಚೆಕ್ಕನ್ನು ಜಮೆ ಹಿಡಿದವನಲ್ಲ ನಾನು. ತೆಪ್ಪಗೆ ಒಪ್ಪಿಕೊಂಡೆ.

ಮಹಾವೀರಾಚಾರ್ಯನಿಗೆ ಈ ಪೇಚಾಟವಿರಲಿಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆಯುವಾಗ ದುಂಬಿ, ನವಿಲು, ಆನೆಗಳನ್ನೆಲ್ಲ ಲೆಕ್ಕಕ್ಕೆ ಎಳೆದು ತಂದ. ಆದರೆ ಎಲ್ಲವೂ ಶ್ಲೋಕದಲ್ಲಿ. ಹುಳ ಇಣುಕಲು ಜಾಗವೇ ಇಲ್ಲ.

ಹಾಗೆ ನೋಡಿದರೆ ನನ್ನ ತಕರಾರು ಹುಳದ ಮೇಲಲ್ಲ. ಅಚ್ಚಾದ ಚಿತ್ರದಲ್ಲಿ ಎಲ್ಲವೂ ಮೊದಲೇ ಬಂದು ಕೂತಿರುತ್ತದೆ. ಮಗು ಒಂದರಿಂದ ಶುರುಮಾಡಿ ಬೆರಳಿಟ್ಟು ಎಣಿಸಿಬಿಡುತ್ತದೆ. ಉತ್ತರವೇನೋ ಸರಿ, ಕೂಡಿದ್ದು ಮಾತ್ರ ಏನೂ ಇಲ್ಲ. ಹುಣಸೆಬೀಜವಾದರೆ ಈ ಗುಡ್ಡೆಯನ್ನು ಆ ಗುಡ್ಡೆಗೆ ಕೈಯಾರೆ ಸರಿಸಬೇಕು. ಎರಡು ಒಂದಾಗುವುದು ಕಣ್ಣಿಗೇ ಕಾಣುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳನ್ನು ಗುಂಪಾಗಿ ಕೂರಿಸಿ, ಚಿತ್ರದ ಕಾರ್ಡುಗಳ ಜೊತೆಗೆ ಕಡ್ಡಿ, ಬೀಜಗಳನ್ನೂ ಕೈಗೆ ಕೊಡುವುದು ಸುಮ್ಮನಲ್ಲ.

ನಮ್ಮ ಮನೆಗೆ ಬರುವ ಹುಣಸೆಹಣ್ಣೋ, ಬೀಜ ತೆಗೆಸಿಕೊಂಡೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಹಾಗಾಗಿ ಅಂಗೈಯನ್ನೇ ನೆಚ್ಚಿಕೊಂಡೆ. ಇನ್ನೊಂದು ಪುಟದಲ್ಲಿ ಐದು ಬಲೂನು, ಮತ್ತೆ ಮೂರು ಬಲೂನು. ಐದನ್ನು ಕೈಯಿಂದ ಮುಚ್ಚಿ, “ಒಳಗೆ ಐದಿದೆ, ಮುಂದಕ್ಕೆ ಹೇಳು” ಎಂದೆ. ನನ್ನ ಬೆರಳು ಎತ್ತಿ ಇಣುಕಿ ನೋಡಿದಳು. ತಾತನ ಮೇಲೆ ಅಷ್ಟು ನಂಬಿಕೆ! ಖಾತ್ರಿಯಾದ ಮೇಲೆ, “ಆರು, ಏಳು, ಎಂಟು!” ಒಂದರ ಗೋಜಿಗೇ ಹೋಗದೆ ಐದರಿಂದ ಮುಂದಕ್ಕೆ ಜಿಗಿದಳಲ್ಲ, ಇದು ಕೂಡುವ ಲೆಕ್ಕ. ನೋಡು ಬಾ ಎಂದು ಸೊಸೆಯನ್ನು ಕೂಗಿದೆ. ಅವಳು ಸೌಟು ಹಿಡಿದೇ ಬಂದಳು.

ಮುಂದಿನ ಪುಟದಲ್ಲಿ ಆನೆಗಳ ಹಿಂಡು. ಜಂಬದಿಂದಲೇ ಅಂಗೈ ಚಾಚಿದೆ.

“ನಿನ್ ಕೈ ಸಾಲಲ್ಲ ತಾತ, ಅದು ಆನೆ!” ಎಂದವಳೇ ಪುಟ್ಟಿ ಕಂಬಳಿ ತರಲು ಒಳಗೆ ಓಡಿದಳು.