ಮಾಡಿದವರಿಗೆ ಮಾಡಿದಷ್ಟು

ಅಣುಬಾಂಬ್ ತೋರಿಸಿ ಮೈಮೇಲೆ ಬರುವ ದೇಶಕ್ಕೆ ಪ್ರಜಾಪ್ರಭುತ್ವಗಳು ಹೇಗೆ ಉತ್ತರ ಕೊಡಬೇಕು? ಬ್ರಸೆಲ್ಸ್‌ನಲ್ಲಿ ನೇಟೋದವರ ಸಭೆಗಳು ಇನ್ನೂ ನಡೆಯುತ್ತಲೇ ಇವೆ. ಚಳ್ಳಕೆರೆಯ ಹೋಟೆಲುಗಳಲ್ಲಿ ಮಾತ್ರ ಇದು 2025ರ ಮೇ ತಿಂಗಳಲ್ಲೇ ಇತ್ಯರ್ಥವಾಯಿತು. ಆಪರೇಷನ್ ಸಿಂಧೂರದ ಆ ನಾಲ್ಕು ದಿನ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತವರೆಲ್ಲ ರಕ್ಷಣಾ ತಜ್ಞರೇ. ಶೇಂಗಾಕ್ಕೆ ಯಾವಾಗ ರೇಟು ಬರುತ್ತದೆಂದು ಹೇಳಲಾಗದವರು ಇಸ್ಲಾಮಾಬಾದ್ ಎಷ್ಟು ಗಂಟೆಗೆ ಬೀಳುತ್ತದೆಂದು ಹೇಳುತ್ತಿದ್ದರು. ಅವರ ತಪ್ಪೇನಿಲ್ಲ. ಟಿವಿಯವರು ಆ ಹೊತ್ತಿಗಾಗಲೇ ಕರಾಚಿ ಬಂದರನ್ನು ಸುಟ್ಟು ಮುಗಿಸಿದ್ದರು. ಬೆಳಗಾದಾಗ ಬಂದರು ಅಲ್ಲೇ ಇತ್ತು ಅನ್ನುವುದು ಬೇರೆ ಮಾತು.

ಕೊನೆಗೆ ಹಿರಿಯರೊಬ್ಬರು ತೀರ್ಪು ಕೊಟ್ಟರು: "ಹಟ್ಟಿ ತಿಪ್ಪೇಸ್ವಾಮಿ ಹೇಳಿಲ್ವೇನಪ್ಪ, ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ ಅಂತ. ಅಷ್ಟು ಮಾಡಿದ್ರೆ ಸಾಕು." ಇಡೀ ಹೋಟೆಲು ಒಪ್ಪಿತು. ಆದರೆ ದೆಹಲಿ ನಾಯಕನಹಟ್ಟಿಯ ಆ ಸ್ವಾಮಿಗಳಿಗಿಂತ ಧಾರಾಳಿ. 2003ರ ಜನವರಿಯಲ್ಲಿ ಪ್ರಕಟವಾದ ನಮ್ಮ ಅಣ್ವಸ್ತ್ರ ನೀತಿ ಹೇಳುವುದಿಷ್ಟು: ನಾವಾಗಿ ಮೊದಲು ಹಾಕುವುದಿಲ್ಲ, ನಮ್ಮ ಮೇಲೆ ಹಾಕಿದರೆ ತಿರುಗಿ ಕೊಡುವ ಏಟು ಎದುರಿನವರು ತಡೆದುಕೊಳ್ಳಲಾರದಷ್ಟು ದೊಡ್ಡದಿರುತ್ತದೆ. ಸ್ವಾಮಿಗಳದ್ದು ಮಾಡಿದಷ್ಟು, ಸರ್ಕಾರದ್ದು ಚಕ್ರಬಡ್ಡಿ ಸಮೇತ.

ಬಾಂಬೇ ಬೇಡ ಅನ್ನುವವರ ಬಾಯಿ ಉಕ್ರೇನ್ ಮುಚ್ಚಿಸಿದೆ. 1994ರ ಬುಡಾಪೆಸ್ಟ್‌ನ ಭರವಸೆಯ ಕಾಗದ ನಂಬಿ ಅದು ತನ್ನ ನೆಲದಲ್ಲಿದ್ದ ಸಿಡಿತಲೆಗಳನ್ನೆಲ್ಲ ರಷ್ಯಕ್ಕೆ ಕಳಿಸಿಕೊಟ್ಟಿತು. ಆ ಕಾಗದಕ್ಕೆ ಸಹಿ ಹಾಕಿದ ರಷ್ಯವೇ 2022ರಲ್ಲಿ ಟ್ಯಾಂಕು ನುಗ್ಗಿಸಿತು. ಇದಕ್ಕೆ ಏನು ಹೇಳುತ್ತೀರಿ ಅಂದರೆ ನನ್ನ ಹತ್ತಿರವೂ ಉತ್ತರವಿಲ್ಲ. ಬಾಂಬ್ ಇರಲಿ. ಆದರೆ ಬಾಂಬಿಗೆ ಜಾಗ ಬೇಕಲ್ಲ, ಟಿವಿ ಸ್ಟುಡಿಯೋದಲ್ಲಿ ಅಷ್ಟು ಜಾಗ ಇಲ್ಲ.

ಇತ್ತು, ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲು ಎನ್ನುವ ಹುಲ್ಲುಗಾವಲುಗಳಲ್ಲಿ. ವರವು ಕಾವಲಿನಲ್ಲಿ ಡಿಆರ್‌ಡಿಒಗೆ 4,290 ಎಕರೆ, ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಇಸ್ರೊ ಪಾಲು ಬೇರೆ. ಕಡತದ ಕಣ್ಣಿಗೆ ಅದು ಖಾಲಿ ಜಾಗ. ಹುಲ್ಲು, ಕುರಿ, ದನ, ಕೃಷ್ಣಮೃಗ, ಸುತ್ತಲಿನ ಹಳ್ಳಿಗಳು, ಇವು ಸರ್ವೆ ನಕ್ಷೆಯಲ್ಲಿ ಎದ್ದು ಕಾಣುವ ವಸ್ತುಗಳಲ್ಲ.

ನ್ಯಾಯವಾಗಿ ನೋಡಿದರೆ ಈ ನೆಲ ಹಿಂದಿನಿಂದಲೂ ರಕ್ಷಣಾ ಇಲಾಖೆಯದ್ದೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಇಲ್ಲಿನ ಹುಲ್ಲು ಮೇಯ್ದ ತಳಿಯ ಎತ್ತುಗಳು ಮೈಸೂರು ಸೈನ್ಯದ ಫಿರಂಗಿ ಎಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಕೋಟೆಯ ಜೊತೆ ಈ ದನಗಳನ್ನೂ ವಶಕ್ಕೆ ತೆಗೆದುಕೊಂಡರು, ಅಷ್ಟು ಬೆಲೆ ಅವಕ್ಕೆ. ಈಗ ಇಲಾಖೆ ಉಳಿದಿದೆ, ಎತ್ತನ್ನು ಮಾತ್ರ ಪಿಂಚಣಿ ಇಲ್ಲದೆ ಬಿಡುಗಡೆ ಮಾಡಿದ್ದಾರೆ.

ಊರಿನವರಿಗೆ ಜಾಗ ಕೊಟ್ಟ ವಿಷಯ ಗೊತ್ತಾಗಿದ್ದು ಬೇಲಿ ಎದ್ದ ಮೇಲೆ. ಬೇಲಿಯ ಒಳಗೇನು ಎಂದು ಗೊತ್ತಾಗಲು ಇನ್ನೂ ತಡವಾಯಿತು. ಸರ್ಕಾರಿ ಭಾಷೆಯಲ್ಲಿ ಉಳ್ಳಾರ್ತಿಯದ್ದು 'ವಿಶೇಷ ವಸ್ತು' ಸಂವರ್ಧನಾ ಘಟಕ. 2015ರ ಡಿಸೆಂಬರಿನಲ್ಲಿ ಅಮೆರಿಕದ 'ಫಾರಿನ್ ಪಾಲಿಸಿ' ಪತ್ರಿಕೆ, ಅದು ಹೈಡ್ರೋಜನ್ ಬಾಂಬಿಗೂ ಆಗುವ ಯುರೇನಿಯಂ ಎಂದು ಬರೆಯಿತು. ನಮ್ಮ ಹೊಲದ ಪಕ್ಕದಲ್ಲಿ ಏನಿದೆ ಎಂದು ವಾಷಿಂಗ್ಟನ್ನಿನವರು ಹೇಳಬೇಕಾಯಿತು. ಗ್ರಾಮ ಪಂಚಾಯ್ತಿ ನೋಟಿಸ್ ಬೋರ್ಡಿನಲ್ಲಿ ಆ ವಾರ ಏನಿತ್ತೋ, ನರೇಗಾ ಪಟ್ಟಿಯೇ ಇದ್ದಿರಬೇಕು.

ಈ ಕಡೆಯ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳಿಗೆ ನೊಗ ಹೂಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಅವನ್ನು ಮೇಯಿಸುವ ಕಿಲಾರಿಯೊಬ್ಬರ ಮುಂದೆ ದೇಶದ ಭದ್ರತೆಯ ಮಾತು ತೆಗೆದೆ. "ಬಂದೋರ್ಗೆ ಹೊಡೀಲಿ ಸ್ವಾಮಿ, ಬ್ಯಾಡ ಅಂದೋರ್ಯಾರು? ನಮ್ ದೇವ್ರೆತ್ತು ಯಾವತ್ತು ಪಾಕಿಸ್ತಾನದ ಕಡೀಕ್ ಹೋಗಿದ್ವು, ಇವಕ್ಕೆ ಗ್ವಾಡೆ ಕಟ್ಟಾಕೆ?" ಅಂದರು. ಟಿವಿಯ ಎಂಟು ಕಿಟಕಿಗಳಲ್ಲಿ ಕೂತವರು ಯಾರೂ ಈ ಪ್ರಶ್ನೆ ಎತ್ತಿದ್ದನ್ನು ನಾನು ಕಂಡಿಲ್ಲ.

ಹಾಗಾಗಿ ನೇಟೋದವರು ಇಷ್ಟೊಂದು ತಲೆ ಕೆಡಿಸಿಕೊಳ್ಳುವ ಬದಲು ಉಳ್ಳಾರ್ತಿಗೆ ಬರಬೇಕು. ಅಣ್ವಸ್ತ್ರ ಇರುವ ಶಕ್ತಿಯೊಂದು ನೆಲಕ್ಕೆ ಬಂದು ಬೇಲಿ ಹಾಕಿದರೆ ಪ್ರಜೆ ಏನು ಮಾಡಬೇಕು ಎಂಬುದರಲ್ಲಿ ಇಲ್ಲಿನವರಿಗಿರುವ ಅನುಭವ ಯಾವ ಸೇನಾಧಿಪತಿಗೂ ಇಲ್ಲ. ಧರಣಿ ಕೂತರು, ಮನವಿ ಕೊಟ್ಟರು, ಪ್ರಕರಣ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಒಂದು ಕಲ್ಲೂ ಮೊದಲು ಎಸೆಯದ, ಸ್ವಚ್ಛ 'ಮೊದಲು ಹಾಕುವುದಿಲ್ಲ' ನೀತಿ. ಗೋಡೆ ನಿಂತೇ ಇದೆ. ಉತ್ತರ ಕೊಡಬೇಕಾದವರು ಮಾತ್ರ ಆಗಾಗ ಆಕಾಶದಿಂದ ಇಳಿಯುತ್ತಾರೆ. 2019ರ ಸೆಪ್ಟೆಂಬರಿನಲ್ಲಿ ಡಿಆರ್‌ಡಿಒದ ಡ್ರೋನ್ ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು, 2023ರ ಆಗಸ್ಟಿನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ. ಶತ್ರು ದೇಶಕ್ಕೆಂದು ತಯಾರಾಗುತ್ತಿರುವುದು ಸದ್ಯಕ್ಕೆ ನಮ್ಮ ಹೊಲದವರೆಗೆ ತಲುಪಿದೆ.

ಪಕ್ಕದ ಮೊಳಕಾಲ್ಮೂರಿನಲ್ಲಿ ಈ ಕಾವಲಿನ ಕಡತಗಳಿಗಿಂತ ಹಳೆಯ ಸರ್ಕಾರಿ ಪತ್ರ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅಶೋಕನ ಶಾಸನ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬರೆದದ್ದು. ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ (ಆಗಲೂ ಅಧಿಕಾರಿಗಳದ್ದೇ), ಆಮೇಲೆ ತಂದೆತಾಯಿ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ಸತ್ಯ ನುಡಿಯಿರಿ ಎನ್ನುತ್ತದೆ. ಕಳಿಂಗ ಗೆದ್ದಾದ ಮೇಲೆ ಈ ಮಾತು ಸಲೀಸು ಬಿಡಿ. ಬೇರೆ ಕಡೆಯ ಹದಿಮೂರನೇ ಶಾಸನದಲ್ಲಿ, ಪಶ್ಚಾತ್ತಾಪ ಪಟ್ಟಿದ್ದರೂ ದಂಡಿಸುವ ಶಕ್ತಿ ಇನ್ನೂ ಇದೆ ಎಂದು ಕಾಡಿನ ಜನಕ್ಕೆ ಇದೇ ಅಶೋಕ ಎಚ್ಚರಿಕೆ ಕೊಟ್ಟಿದ್ದಾನೆ. ನಮ್ಮ 2003ರ ನೀತಿಯ ಮೊದಲ ಕರಡು ಅದೇ ಇರಬೇಕು. 1974ರ ಪೋಖ್ರಾನ್ ಸ್ಫೋಟಕ್ಕೆ ಬುದ್ಧನ ಹೆಸರಿಟ್ಟವರಿಗೆ ಇದೆಲ್ಲ ತಿಳಿದಿದ್ದರೆ ಅಶೋಕನ ಹೆಸರನ್ನೇ ಇಡುತ್ತಿದ್ದರು.

ಒಂದು ವ್ಯತ್ಯಾಸ ಉಂಟು. ಅವನು ಚಕ್ರವರ್ತಿ, ಯಾರ ವೋಟೂ ಬೇಕಿರಲಿಲ್ಲ. ಆದರೂ ಹೇಳುವುದನ್ನು ಬಂಡೆಯ ಮೇಲೆ ಬರೆಸಿದ, ಗುಡ್ಡ ಹತ್ತಿದರೆ ಇವತ್ತಿಗೂ ಕಾಣುತ್ತದೆ. ಕಾವಲಿನ ಕಡತ ನೋಡಬೇಕಾದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕು. ಡಿಆರ್‌ಡಿಒದ್ದಾದರೆ ಆ ಹತ್ತು ರೂಪಾಯಿಗೆ ಟೀ ಕುಡಿಯುವುದು ಮೇಲು, ಏಕೆಂದರೆ ಅದು ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಬೇಲಿ ಹಾಕಿಕೊಂಡು ಕೂತಿದೆ.